ಕನೆಕ್ಟಿಂಗ್ ರಾಡ್‌ನ ಉದ್ದ: ಷೆವರ್ಲೆ ಸ್ಮಾಲ್ ಬ್ಲಾಕ್ ಎಂಜಿನ್ನಿನ ಆಧಾರದಲ್ಲಿ ಒಂದು ಮರುಪರಿಶೀಲನೆ

ರೇಸಿಂಗ್ ಎಂಜಿನ್ ಕಟ್ಟುವವರಲ್ಲಿ ಕನೆಕ್ಟಿಂಗ್ ರಾಡ್‌ನ ಉದ್ದದ ಬಗ್ಗೆ ಎರಡು ಪಂಗಡಗಳಿವೆ. ಬ್ಲಾಕಿನೊಳಗೆ ಹಿಡಿಸುವಷ್ಟು ಉದ್ದದ ರಾಡ್ ಹಾಕಬೇಕೆಂದು ಬಲವಾಗಿ ವಾದಿಸಿದವರು ಅಮೆರಿಕದ ಡೇಟೋನಾ ಬೀಚಿನ ಸ್ಮೋಕಿ ಯೂನಿಕ್. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವುದಷ್ಟೇ ರಾಡ್‌ನ ಕೆಲಸ, ಉದ್ದಕ್ಕೆ ಅಷ್ಟೊಂದು ಮಹತ್ವ ಬೇಡ ಎಂದವರು ಟೆಕ್ಸಸ್‌ನ ಡೇವಿಡ್ ರೆಹರ್. ಇಬ್ಬರೂ ಗೆದ್ದ ಎಂಜಿನ್‌ಗಳನ್ನು ಕಟ್ಟಿದವರು. ಆದ್ದರಿಂದ ಯಾರ ಮಾತನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ರಾಡ್‌ನ ಉದ್ದದ ನೇರ ಪರಿಣಾಮ ಅಲ್ಪ, ಪಿಸ್ಟನ್ನಿನ ಎತ್ತರವನ್ನು ಬದಲಿಸುವ ಮೂಲಕ ಅದು ಉಂಟುಮಾಡುವ ಪರಿಣಾಮವೇ ದೊಡ್ಡದು ಎಂಬುದು ಈ ಲೇಖನದ ಪ್ರತಿಪಾದನೆ.

ಇದನ್ನು ಪರೀಕ್ಷಿಸಲು 1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ-8 ಎಂಜಿನ್ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕ್ರ್ಯಾಂಕಿನ ನಡುರೇಖೆಯಿಂದ ಬ್ಲಾಕಿನ ಮೇಲ್ಮೈವರೆಗಿನ ಎತ್ತರ 9.025 ಇಂಚು, ಅಂದರೆ 229.2 ಮಿ.ಮೀ. ದಶಕಗಳ ಕಾಲ ಈ ಅಳತೆ ಬದಲಾಗಲಿಲ್ಲ. 302, 327 ಮತ್ತು 350 ಘನ ಇಂಚಿನ ಮೂರೂ ಎಂಜಿನ್‌ಗಳಿಗೆ 5.7 ಇಂಚಿನ ಒಂದೇ ಉದ್ದದ ರಾಡ್, ಬದಲಾದದ್ದು 3.00, 3.25, 3.48 ಇಂಚಿನ ಸ್ಟ್ರೋಕ್. ರಾಡ್‌ನ ಉದ್ದವನ್ನು ಸ್ಟ್ರೋಕ್‌ನಿಂದ ಭಾಗಿಸಿದರೆ ಬರುವ ಅನುಪಾತ ಕ್ರಮವಾಗಿ 1.90, 1.75, 1.64. 1970ರ 400 ಘನ ಇಂಚಿನ ಎಂಜಿನ್ನಿನಲ್ಲಿ ಮಾತ್ರ ಸ್ಟ್ರೋಕ್ 3.75 ಇಂಚಿಗೆ ಏರಿ, ರಾಡ್ 5.565 ಇಂಚಿಗೆ ಇಳಿಯಿತು; ಅನುಪಾತ 1.48.

ಈ 5.565 ಎಂಬ ವಿಚಿತ್ರ ಸಂಖ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 350ರಿಂದ 400ಕ್ಕೆ ಸ್ಟ್ರೋಕ್ ಹೆಚ್ಚಿದ್ದು 0.27 ಇಂಚು, ಅದರ ಅರ್ಧ 0.135. ರಾಡ್ ಕುಗ್ಗಿದ್ದೂ ಸರಿಯಾಗಿ 0.135 ಇಂಚು. ಹೀಗಾಗಿ ಪಿಸ್ಟನ್ ಪಿನ್ನಿನ ನಡುವಿನಿಂದ ಬ್ಲಾಕಿನ ಮೇಲ್ಮೈವರೆಗೆ ಉಳಿಯುವ ಜಾಗ ಎರಡರಲ್ಲೂ 40.3 ಮಿ.ಮೀ. ಎಂಜಿನಿಯರ್‌ಗಳು ಆದರ್ಶ ಅನುಪಾತವೊಂದನ್ನು ಅರಸಿದ ಕುರುಹು ಇಲ್ಲಿಲ್ಲ. ಪಿಸ್ಟನ್ನಿನ ಎತ್ತರ ಮೊದಲು ನಿಂತಿತು, ಉಳಿದ ಜಾಗವನ್ನು ರಾಡ್ ತುಂಬಿತು ಎಂದೇ ಲೆಕ್ಕ ಹೇಳುತ್ತದೆ.

302ರ ಕೀರ್ತಿಯ ವಿಷಯವೂ ಇದೇ. ಐದು ಲೀಟರ್ ಮಿತಿಯ ಟ್ರಾನ್ಸ್-ಆ್ಯಮ್ ರೇಸಿಗಾಗಿ 1967ರಲ್ಲಿ ಕಮಾರೋ ಝಡ್/28 ಕಾರಿಗೆ ಬಂದ ಈ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ನಿರಾಯಾಸವಾಗಿ ತಿರುಗುತ್ತಿತ್ತು. ಆ ಗುಣವನ್ನು 1.90ರ ಅನುಪಾತಕ್ಕೆ ಕಟ್ಟುವುದು ವಾಡಿಕೆ. ಆದರೆ ಪಿಸ್ಟನ್ ಮೇಲ್ತುದಿಯಲ್ಲಿದ್ದಾಗಿನ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. 7,000 ಆರ್‌ಪಿಎಂನಲ್ಲಿ 302ರ ಪಿಸ್ಟನ್ ಅಲ್ಲಿ ಸೆಕೆಂಡಿನ ವರ್ಗಕ್ಕೆ ಸುಮಾರು 25,900 ಮೀಟರ್ ವೇಗೋತ್ಕರ್ಷವನ್ನು ತಾಳಬೇಕು. 400ರ ಪಿಸ್ಟನ್ ಸುಮಾರು 34,200 ಮೀಟರ್. ವ್ಯತ್ಯಾಸ ಶೇ. 32. ಅದನ್ನು ಬಿಡಿಸಿದರೆ ಶೇ. 25ರಷ್ಟು ಬರುವುದು ಉದ್ದದ ಸ್ಟ್ರೋಕ್‌ನಿಂದಲೇ. ಉಳಿದದ್ದು ಅನುಪಾತದ ಬದಲಾವಣೆಯಿಂದ. ಅದರಲ್ಲೂ ರಾಡ್ ಗಿಡ್ಡವಾದದ್ದರ ಪಾಲು ಶೇ. 0.6 ಮಾತ್ರ. ಇಷ್ಟು ಚಿಕ್ಕ ಅಂಶಕ್ಕೆ ಅಷ್ಟು ದೊಡ್ಡ ಕೀರ್ತಿ ಸಲ್ಲದು.

400 ಬಿಸಿಯೇರುತ್ತದೆ, ಹೆಚ್ಚು ಓಡಿಸಿದರೆ ತಾಳುವುದಿಲ್ಲ ಎಂಬ ದೂರಿನಲ್ಲೂ ಗಿಡ್ಡ ರಾಡ್‌ನ ಹೆಸರು ಕೇಳಿಬರುತ್ತದೆ. ಆ ಬ್ಲಾಕಿನಲ್ಲಿ ಬೋರ್ 4.125 ಇಂಚಿಗೆ ಹಿಗ್ಗಿದ್ದರಿಂದ ಅಕ್ಕಪಕ್ಕದ ಸಿಲಿಂಡರ್‌ಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ನೀರು ಹರಿಯಲು ಹಾದಿಯೇ ಇಲ್ಲ. ಈ ಸಂಗತಿಯನ್ನು ಬದಿಗಿಟ್ಟು ರಾಡ್‌ನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಇನ್ನು ಇಂದಿಗೂ ಗ್ಯಾರೇಜುಗಳಲ್ಲಿ ಚರ್ಚೆ ನಡೆಯುವ 383ಕ್ಕೆ ಬರೋಣ. 350ರ ಬ್ಲಾಕನ್ನು ತುಸು ಬೋರ್ ಮಾಡಿ, 3.75 ಇಂಚಿನ ಸ್ಟ್ರೋಕ್ ಕೊಡುವ ಕ್ರ್ಯಾಂಕ್ ಕೂರಿಸಿದರೆ ಈ ಎಂಜಿನ್. ರಾಡ್ 5.7 ಇಂಚಿನದೋ 6.0 ಇಂಚಿನದೋ ಎಂಬುದೇ ಪ್ರಶ್ನೆ. ಕ್ರ್ಯಾಂಕ್ ಮೇಲ್ತುದಿಯಿಂದ 20 ಡಿಗ್ರಿ ತಿರುಗಿದಾಗ ಎರಡು ಪಿಸ್ಟನ್‌ಗಳ ಸ್ಥಾನದಲ್ಲಿರುವ ಅಂತರ 0.05 ಮಿ.ಮೀ.ಗೂ ಕಡಿಮೆ. 90 ಡಿಗ್ರಿಯಲ್ಲಿ ಅದು ಸುಮಾರು 0.4 ಮಿ.ಮೀ. ಪಿಸ್ಟನ್ ಅತಿ ವೇಗ ಮುಟ್ಟುವ ಗಳಿಗೆ ಬದಲಾಗುವುದು ಕ್ರ್ಯಾಂಕಿನ ಒಂದು ಡಿಗ್ರಿಗೂ ಒಳಗೆ. ಉದ್ದದ ರಾಡ್‌ನಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿ ಹೆಚ್ಚು ಹೊತ್ತು ತಂಗುತ್ತದೆ, ಆದ್ದರಿಂದ ದಹನ ಚೆನ್ನಾಗಿ ಆಗುತ್ತದೆ ಎಂಬ ವಾದ ರೇಖಾಗಣಿತದ ಮಟ್ಟಿಗೆ ನಿಜ. ಆದರೆ ಕ್ಯಾಮ್‌ಶಾಫ್ಟನ್ನು ಎರಡು ಡಿಗ್ರಿ ಮುಂದೆ ಸರಿಸಿದರೆ ಆಗುವ ಬದಲಾವಣೆಯ ಮುಂದೆ ಅದು ಗೌಣ.

ಪಕ್ಕದ ಒತ್ತಡದ ಮಾತು ಬೇರೆ. 5.7ರ ಬದಲು 6.0 ಇಂಚಿನ ರಾಡ್ ಹಾಕಿದರೆ, ಅದು ಅತಿ ಹೆಚ್ಚು ಓರೆಯಾದಾಗಿನ ಕೋನ 19.2 ಡಿಗ್ರಿಯಿಂದ 18.2ಕ್ಕೆ ಇಳಿಯುತ್ತದೆ, ಆ ಸ್ಥಾನದಲ್ಲಿ ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತುವ ಬಲ ಶೇ. 5ರಷ್ಟು ತಗ್ಗುತ್ತದೆ. ಬಹಳ ದೂರ ಓಡಬೇಕಾದ ಎಂಜಿನ್ನಿಗೆ ಇದು ಲಾಭವೇ.

ನಿಜವಾದ ಕೊಡುಕೊಳ್ಳುವಿಕೆ ಇರುವುದು ಪಿಸ್ಟನ್ನಿನಲ್ಲಿ. ಪಿನ್ನಿನ ಮೇಲೆ ಉಳಿಯುವ ಎತ್ತರ 36.8 ಮಿ.ಮೀ.ನಿಂದ 29.2ಕ್ಕೆ ಇಳಿಯುತ್ತದೆ. ಪಿಸ್ಟನ್ ಹಗುರವಾಗುತ್ತದೆ, ಕೆಳತುದಿಗೆ ಬಂದಾಗ ಕ್ರ್ಯಾಂಕಿನ ಪ್ರತಿಭಾರಕ್ಕೆ ತಾಗುವ ಭಯ ಕಡಿಮೆಯಾಗುತ್ತದೆ. ಆದರೆ ಆ 29 ಮಿ.ಮೀ.ನಲ್ಲಿ ಮೂರು ರಿಂಗ್‌ಗಳೂ ಪಿನ್ನೂ ಹಿಡಿಸಬೇಕು. ಪಿನ್ನಿನ ರಂಧ್ರ ಆಯಿಲ್ ರಿಂಗ್‌ನ ತೋಡಿನೊಳಕ್ಕೇ ನುಗ್ಗುತ್ತದೆ. ತೆರೆದುಕೊಂಡ ಜಾಗದಲ್ಲಿ ರಿಂಗ್ ಕುಸಿಯದಂತೆ ಅಡಿಯಲ್ಲಿ ಉಕ್ಕಿನ ತೆಳು ಪಟ್ಟಿಯೊಂದನ್ನು ಕೂರಿಸಬೇಕಾಗುತ್ತದೆ. ರೇಸ್ ಎಂಜಿನ್ನಿಗೆ ಇದು ತೊಂದರೆಯಲ್ಲ. ದಿನನಿತ್ಯ ಓಡುವ ಕಾರಿಗೆ 5.7 ಇಂಚಿನ ರಾಡ್ ಮತ್ತು ಎತ್ತರದ ಪಿಸ್ಟನ್ನೇ ಲೇಸೆಂಬುದು ನನ್ನ ಅಭಿಪ್ರಾಯ.

ಡೆಟ್ರಾಯಿಟ್‌ನ ಹೊರಗೂ ಸಾಕ್ಷ್ಯವಿದೆ. ಹೋಂಡಾದ ಬಿ16ಬಿ ಎಂಜಿನ್ನಿನ ಅನುಪಾತ 1.84, ಅದೇ ಕುಟುಂಬದ ಬಿ18ಸಿಯದು 1.58. ಜಪಾನಿನ ಟೈಪ್ ಆರ್ ಕಾರುಗಳಲ್ಲಿ ಮೊದಲನೆಯದು 8,200 ಆರ್‌ಪಿಎಂನಲ್ಲಿ 185 ಪಿಎಸ್ ಕೊಟ್ಟರೆ, ಎರಡನೆಯದು 8,000ದಲ್ಲಿ 200 ಪಿಎಸ್ ಕೊಟ್ಟಿತು. ಅನುಪಾತ 1.7ಕ್ಕಿಂತ ಕೆಳಗಿಳಿದರೆ ಎಂಜಿನ್ ಹೆಚ್ಚು ತಿರುಗದು ಎಂಬ ನಂಬಿಕೆಗೆ ಇಲ್ಲಿ ನೆಲೆಯಿಲ್ಲ.

ಎರಡು ಉದ್ದದ ರಾಡ್‌ಗಳನ್ನು ಡೈನೊ ಮೇಲೆ ಹೋಲಿಸಿ ಫಲಿತಾಂಶ ಪ್ರಕಟಿಸುವವರಲ್ಲಿ ಒಂದು ಕೋರಿಕೆ. ರಾಡ್ ಬದಲಾದಾಗ ಪಿಸ್ಟನ್ನೂ ಬದಲಾಗಿರುತ್ತದೆ. ಆದ್ದರಿಂದ ಎರಡೂ ಪಿಸ್ಟನ್‌ಗಳ ತೂಕ, ರಿಂಗ್‌ಗಳ ದಪ್ಪ ಮತ್ತು ಸ್ಥಾನ, ಮೇಲ್ತುದಿಯಲ್ಲಿ ಪಿಸ್ಟನ್ ಮತ್ತು ಬ್ಲಾಕ್ ಮೇಲ್ಮೈ ನಡುವಿನ ಅಂತರ, ಇವಿಷ್ಟನ್ನೂ ಅಶ್ವಶಕ್ತಿಯ ಅಂಕಿಯ ಜೊತೆಗೇ ಕೊಡಿ. ಅವಿಲ್ಲದೆ ಆ ಅಂಕಿ ರಾಡ್‌ನದೋ ಪಿಸ್ಟನ್ನಿನದೋ ಎಂದು ಓದುಗರು ತೀರ್ಮಾನಿಸುವುದು ಸಾಧ್ಯವಿಲ್ಲ.