ಕಳೆಯ ಋಣ

ಅಕ್ಕಿ ಆರಿಸಲು ಮೊರ ಹಿಡಿದು ಕೂತಾಗಲೆಲ್ಲ ನನಗೆ ಅವ್ವನ ಬೋಳು ಕಿವಿ ನೆನಪಾಗುತ್ತದೆ. ನನ್ನ ತವರು ಗಂಗಾವತಿ ಕಡೆ, ತುಂಗಭದ್ರೆಯ ಕಾಲುವೆ ನೀರಿನ ಊರು. 1991ರ ಮಳೆಗಾಲದಲ್ಲಿ ನಮ್ಮ ಸಾಂಬಾ ಮಸೂರಿ ಗದ್ದೆಯಲ್ಲಿ ಎಲೆಗಳು ಅಂಚಿನಿಂದ ಒಣಗತೊಡಗಿದವು. ತುದಿಯಿಂದ ಬುಡದ ಕಡೆಗೆ ಹಳದಿ ಅಲೆಯಲೆಯಾಗಿ ಇಳಿದು, ನೋಡನೋಡುತ್ತ ಗದ್ದೆಗೆ ಗದ್ದೆಯೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಪೈರು ಸೊರಗಿದೆ ಎಂದುಕೊಂಡು ಅಪ್ಪ ಇನ್ನೊಂದು ಚೀಲ ಯೂರಿಯಾ ಎರಚಿದ. ಈ ರೋಗಕ್ಕೆ ಯೂರಿಯಾ ಎಂದರೆ ಉರಿಯುವ ಬೆಂಕಿಗೆ ತುಪ್ಪ ಎಂದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಲಕ್ಕೆ ಅವ್ವ ಬೆಂಡೋಲೆ ಬಿಚ್ಚಿ ಕೊಟ್ಟಳು. "ಹೋಗ್ಲಿ ಬಿಡು, ಕಿವಿ ಹಗುರಾದವು" ಅಂದಳು. ಅವು ತಿರುಗಿ ಬರಲಿಲ್ಲ.

ರೋಗದ ಹೆಸರು ದುಂಡಾಣು ಎಲೆ ಅಂಗಮಾರಿ ಎಂದು ತಿಳಿದದ್ದು ಬಹಳ ತಡವಾಗಿ. ಮುಂಜಾನೆ ಭತ್ತದ ಎಲೆಯಂಚಿನಲ್ಲಿ ಮುತ್ತಿನಂಥ ಹನಿ ಕೂಡುತ್ತದಲ್ಲ, ಆ ಹನಿ ಹೊರಡುವ ಸಣ್ಣ ರಂಧ್ರಗಳಿಂದಲೇ ದುಂಡಾಣು ಒಳನುಗ್ಗುತ್ತದೆ; ನೀರು ಹರಿಯುವ ನಾಳಗಳಲ್ಲಿ ಸಂಸಾರ ಹೂಡುತ್ತದೆ. ನಮ್ಮ ರಕ್ತದಲ್ಲಿ ಓಡಾಡುವ ಕಾವಲುಗಾರರಂಥವರು ಗಿಡಕ್ಕಿಲ್ಲ. ಒಂದೊಂದು ಜೀವಕೋಶವೂ ತನ್ನ ಬಾಗಿಲನ್ನು ತಾನೇ ಕಾಯಬೇಕು.

ಹಾಗೆ ಚೆನ್ನಾಗಿ ಕಾಯಬಲ್ಲ ಭತ್ತ ಸಿಕ್ಕಿದ್ದು ಆಫ್ರಿಕಾದ ಮಾಲಿ ದೇಶದಲ್ಲಿ. ಅದು ಕಾಡುಭತ್ತ. ರೈತರ ಪಾಲಿಗೆ ಎಷ್ಟು ಕಿತ್ತರೂ ನೆಲದೊಳಗಿನ ಕಾಂಡದಿಂದ ಮತ್ತೆ ಚಿಗುರುವ ಹಾಳು ಕಳೆ. ಬೇಲಾ ಎಂಬ ಬಡ ಅಲೆಮಾರಿಗಳ ಪಾಲಿಗೆ ಊಟ. 1970ರ ದಶಕದ ಕೊನೆಯಲ್ಲಿ ಒಡಿಶಾದ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಅದರ ಶಕ್ತಿ ಕಣ್ಣಿಗೆ ಬಿತ್ತು. ಫಿಲಿಪೈನ್ಸ್‌ನಲ್ಲಿ ಗುರುದೇವ್ ಖುಶ್ ಮತ್ತು ಸಂಗಡಿಗರು ವರ್ಷಗಟ್ಟಲೆ ಸಂಕರ ಮಾಡಿ ಆ ಗುಣವನ್ನು ಊಟದ ಭತ್ತಕ್ಕೆ ತಂದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್ ಅವರ ಬಳಗ ಆ ವಂಶವಾಹಿಯನ್ನು ಬೇರ್ಪಡಿಸಿತು. ಎಕ್ಸ್‌ಎ 21 ಎಂದು ಅದರ ಹೆಸರು. ಅದು ಕೋಶದ ಹೊರಮೈಯಲ್ಲಿ ಒಂದು ಪ್ರೋಟೀನನ್ನು ನಿಲ್ಲಿಸುತ್ತದೆ. ವೈರಿಯ ಗುರುತು ಸಿಕ್ಕೊಡನೆ ಅದು ಒಳಗಿನವರನ್ನು ಎಬ್ಬಿಸುತ್ತದೆ.

ಆ ಗುರುತು ಯಾವುದೆಂದು ಈ ಬಳಗ ಮೊದಲು ಹೇಳಿದ್ದು ತಪ್ಪಾಗಿತ್ತು. ದುಂಡಾಣುಗಳ ಚೀಟಿಗಳಲ್ಲಿ ಅದಲುಬದಲಾಗಿತ್ತಂತೆ. (ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದವಳು ನಾನು, ನಗಲಾರೆ.) 2013ರಲ್ಲಿ ಆ ಲೇಖನವನ್ನು ಅವರೇ ಹಿಂದಕ್ಕೆ ಪಡೆದರು, ಸರಿಯಾದ ಉತ್ತರವನ್ನು 2015ರಲ್ಲಿ ಕೊಟ್ಟರು. ಅದು ನನಗೆ ಹಿಡಿಸಿತು.

ಹಿಡಿಸದ್ದೂ ಒಂದಿದೆ. ವಂಶವಾಹಿಗೆ ಪೇಟೆಂಟ್ ಆಯಿತು. ಲಾಭದಲ್ಲಿ ಮಾಲಿಯಂಥ ದೇಶದ ವಿದ್ಯಾರ್ಥಿಗಳಿಗೂ ಪಾಲಿರಲೆಂದು ರೊನಾಲ್ಡ್ ಮುಂದೆ ನಿಂತು ನಿಧಿಯೊಂದನ್ನು ಮಾಡಿಸಿದರು. ಆದರೆ ಕಂಪನಿಗಳು ತಳಿಯನ್ನು ಮಾರುಕಟ್ಟೆಗೆ ತರಲಿಲ್ಲ, ನಿಧಿಗೆ ಆ ಪಾಲು ಬರಲಿಲ್ಲ. ಬರಗಾಲದಲ್ಲೂ ಆ ಕಳೆಯನ್ನು ಆಯ್ದು ತಿಂದವರ ಕೈಗೆ ಏನು ಸಿಕ್ಕಿತು?

ನಮಗಂತೂ ಸಿಕ್ಕಿತು. 2008ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಎಕ್ಸ್‌ಎ 21 ಸೇರಿ ಮೂರು ವಂಶವಾಹಿಗಳನ್ನು ಸಂಕರದಿಂದಲೇ ಕೂಡಿಸಿ ಸುಧಾರಿತ ಸಾಂಬಾ ಮಸೂರಿ ಹೊರತಂದರು. ತಮ್ಮ ಅದನ್ನೇ ಬಿತ್ತಿ ಒಂದು ಚೀಲ ಅಕ್ಕಿ ಕಳಿಸಿದ್ದ. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅನ್ನ ಮೊದಲಿನಂಗ ಉದುರುದುರು ಆಗ್ತದೇನ?"

ಆಗ್ತದವ್ವಾ, ಅಂದೆ.