ಕ್ಯಾಟ್ ಪರೀಕ್ಷೆಗೆ ಜಾಣ್ಮೆಯ ಸಿದ್ಧತೆ

ನಮ್ಮ ಕನ್ನಡ ಕುಟುಂಬಗಳಲ್ಲಿ ಪದವಿಯ ಅಂತಿಮ ವರ್ಷದ ಮಕ್ಕಳಿದ್ದರೆ ಕ್ಯಾಟ್ ಪರೀಕ್ಷೆಯ ಮಾತು ಬಂದೇ ಬರುತ್ತದೆ. ಅಹಮದಾಬಾದ್ ಮತ್ತು ಕೋಲ್ಕತ್ತಗಳಲ್ಲಿ 1961ರಲ್ಲಿ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಐಐಎಂಗಳೂ ಸೇರಿದಂತೆ ದೇಶದ ಎಲ್ಲ ಐಐಎಂಗಳ ಎಂ.ಬಿ.ಎ. ಪ್ರವೇಶಕ್ಕೆ ಇದು ಮುಖ್ಯ ದ್ವಾರ. ಪರೀಕ್ಷೆ ನಡೆಯುವುದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನ ಕೊನೆಯ ಭಾನುವಾರ. ಫಲಿತಾಂಶ ಆ ಸಾಲಿನ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ. ಒಮ್ಮೆ ಕೈತಪ್ಪಿದರೆ ಒಂದು ವರ್ಷ ಕಾಯಬೇಕು.

ಪರೀಕ್ಷೆಯ ಸ್ವರೂಪ

ಇಂಗ್ಲಿಷ್ ಓದು ಮತ್ತು ಗ್ರಹಿಕೆ, ಅಂಕಿ-ಅಂಶ ಹಾಗೂ ತರ್ಕ, ಗಣಿತ ಎಂಬ ಮೂರು ವಿಭಾಗಗಳಿವೆ. ಪ್ರತಿಯೊಂದಕ್ಕೂ 40 ನಿಮಿಷ. ಮುಗಿದ ವಿಭಾಗಕ್ಕೆ ಮರಳುವಂತಿಲ್ಲ. 2024ರಲ್ಲಿ ಕ್ರಮವಾಗಿ 24, 22, 22 ಪ್ರಶ್ನೆಗಳಿದ್ದವು. ಸರಿಯುತ್ತರಕ್ಕೆ 3 ಅಂಕ. ನಾಲ್ಕು ಆಯ್ಕೆಗಳುಳ್ಳ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಅಂಕ ಕಡಿತ. ಉತ್ತರವನ್ನು ತಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ.

ಕುರುಡು ಊಹೆಯಿಂದ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದ 3 ಅಂಕ ಹೋದ 3 ಅಂಕಕ್ಕೆ ಸಮ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಮಾತ್ರ ಊಹೆ ಲಾಭಕರ.

ಬಿಡುವುದನ್ನು ಕಲಿಯಬೇಕು

ಶಾಲೆಯಲ್ಲಿ ನಮ್ಮ ಮಕ್ಕಳು ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ರೂಢಿ. ಇಲ್ಲಿ ಆ ರೂಢಿಯೇ ತೊಡಕು. 2023ರಲ್ಲಿ ಒಟ್ಟು ಅಂಕಗಳ ಅರ್ಧದಷ್ಟು ಪಡೆದವರೂ 99 ಪರ್ಸೆಂಟೈಲ್ ದಾಟಿದ್ದರು. ಕಠಿಣವಾದುದನ್ನು ಕ್ಷಣದಲ್ಲಿ ಗುರುತಿಸಿ ಮುಂದೆ ಸಾಗುವುದೇ ಇಲ್ಲಿನ ಜಾಣ್ಮೆ.

ಗಣಿತವು ಬಹುಮಟ್ಟಿಗೆ ಶಾಲಾ ಹಂತದ್ದೇ: ಶೇಕಡಾವಾರು, ಅನುಪಾತ, ಬೀಜಗಣಿತ, ರೇಖಾಗಣಿತ. ಕಲಾ ವಿದ್ಯಾರ್ಥಿಗಳು ಅಂಜಬೇಕಿಲ್ಲ. ಮೊದಲ ವಿಭಾಗದಲ್ಲಿ ಇತಿಹಾಸ, ತತ್ವಶಾಸ್ತ್ರ, ಪರಿಸರ ಮುಂತಾದ ವಿಷಯಗಳ ಗದ್ಯಭಾಗಗಳು ಬರುವುದರಿಂದ ಅವರ ಓದಿನ ಅಭ್ಯಾಸವೇ ಬಂಡವಾಳ.

ಆರೇಳು ತಿಂಗಳ ಮೊದಲೇ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿ ತಮ್ಮ ದೌರ್ಬಲ್ಯವನ್ನು ತಿಳಿಯಬೇಕು. ಅನಂತರ ಅಣಕು ಪರೀಕ್ಷೆಗಳು. ಬ್ಯಾಂಕಿನಲ್ಲಿ ದಿನದ ಕೊನೆಗೆ ನಾವು ಲೆಕ್ಕ ತಾಳೆ ನೋಡುವಂತೆ, ಪ್ರತಿ ಪರೀಕ್ಷೆಯ ನಂತರ ತಪ್ಪುಗಳನ್ನು ಮೂರು ಕಲಮುಗಳಲ್ಲಿ ಬರೆದಿಡುವುದು ಒಳಿತು: ತಿಳಿಯದೆ ತಪ್ಪಿದ್ದು, ಅವಸರದಲ್ಲಿ ತಪ್ಪಿದ್ದು, ಬಿಡಬೇಕಾದುದಕ್ಕೆ ಅಂಟಿಕೊಂಡು ಸಮಯ ಕಳೆದದ್ದು. ಮೂರನೆಯ ಕಲಮು ಕಿರಿದಾಗುತ್ತ ಬಂದರೆ ಸಿದ್ಧತೆ ಸರಿದಾರಿಯಲ್ಲಿದೆ ಎಂದರ್ಥ.

ಪಾಲಕರಿಗೊಂದು ಮಾತು

ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. 90 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರರಲ್ಲಿ ಸುಮಾರು ತೊಂಬತ್ತು ಮಂದಿಗಿಂತ ಮುಂದಿರುವುದು. ಇದನ್ನರಿಯದೆ, "ತೊಂಬತ್ತು ಬಂದರೂ ಸೀಟು ಸಿಗಲಿಲ್ಲವೇ?" ಎಂದು ಮಕ್ಕಳನ್ನು ನೋಯಿಸುವುದುಂಟು. ಐಐಎಂಗಳು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಅಂಕ, ಕೆಲಸದ ಅನುಭವ, ಸಂದರ್ಶನಗಳನ್ನೂ ಪರಿಗಣಿಸುತ್ತವೆ. ಆಯ್ಕೆಯ ಮಾನದಂಡ ಒಂದೊಂದು ಸಂಸ್ಥೆಗೂ ಬೇರೆ. ಕ್ಯಾಟ್ ಅಂಕವನ್ನು ಮಾನ್ಯ ಮಾಡುವ ಇತರ ಉತ್ತಮ ಸಂಸ್ಥೆಗಳೂ ಇವೆ. ಫಲಿತಾಂಶದ ದಿನ ಮನೆಯವರು ಆಡುವ ಮೊದಲ ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ ಎಂಬುದನ್ನು ನಾವು ಮರೆಯಬಾರದು.

ಪರೀಕ್ಷೆ ಬರೆಯುವ ನಮ್ಮೆಲ್ಲ ಮಕ್ಕಳಿಗೂ ಶುಭವಾಗಲಿ.