ಬಾಗಿಲ ಬೀಗ: ಮಲೆನಾಡಿನ ಹಳೆಯ ಮನೆಗಳಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳ ಮರದ ಕದಗಳಲ್ಲಿ ಮೂರು ಬಗೆಯ ಭದ್ರತೆ ಕಾಣುತ್ತದೆ: ಒಳಗಿನಿಂದ ಹಾಕುವ ಮರದ ಅಗುಳಿ, ಚಿಲಕಕ್ಕೆ ಸಿಕ್ಕಿಸುವ ತೂಗುಬೀಗ, ಕದಕ್ಕೇ ಕೂಡಿಸಿದ ಕೀಲಿಬೀಗ. ಇವುಗಳಲ್ಲಿ ಅಗುಳಿಯೇ ಪ್ರಾಚೀನವೆಂದು ತೋರುತ್ತದೆ.

ಹಿನ್ನೆಲೆ. ಕೀಲಿಬೀಗದ ಒಳಗೆ ಹಲವು ಲಿವರ್‌ಗಳಿರುತ್ತವೆ. ಕೀಲಿಯ ಹಲ್ಲುಗಳು ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ನಾಲಿಗೆ ಸರಿಯುತ್ತದೆ. ಕಡಿಮೆ ಎತ್ತಿದರೂ ಹೆಚ್ಚು ಎತ್ತಿದರೂ ತಡೆಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಈ ತತ್ವಕ್ಕೆ 1778ರಲ್ಲಿ ಪೇಟೆಂಟ್ ಪಡೆದ. ಭಾರತದಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆ ಆರಂಭಿಸಿದರು.

ತುಮರಿಯ ಸ್ಥಿತಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ ಊರಿರುವ ಕರೂರು ಹೋಬಳಿಯನ್ನು ಸಾಗರದಿಂದ ಬೇರ್ಪಡಿಸಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಾಗರದ ಪೇಟೆಗೆ ಹತ್ತಿರದ ದಾರಿ ಹಿನ್ನೀರು ದಾಟುವ ಲಾಂಚ್ ಆಗಿತ್ತು. ಇಂಥಲ್ಲಿ ಹೊಸ ಬೀಗ ತರುವುದಕ್ಕಿಂತ ಇದ್ದುದನ್ನು ಸರಿಪಡಿಸಿಕೊಳ್ಳುವುದೇ ಸಹಜವಾಗಿತ್ತು.

ದುರಸ್ತಿ. ಮೊದಲು ಕದ ತೆರೆದಿಟ್ಟು ಕೀಲಿ ತಿರುಗಿಸಬೇಕು. ಆಗ ಸಲೀಸಾಗಿ ತಿರುಗಿದರೆ ದೋಷ ಬೀಗದ್ದಲ್ಲ, ಕದದ್ದು. ಮರ ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಅತ್ಯಲ್ಪ. ಆದ್ದರಿಂದ ಉದ್ದ ಹಲಗೆಗಳ ಕದ ಮಳೆಗಾಲದಲ್ಲಿ ಅಗಲವಾಗಿ ಚೌಕಟ್ಟನ್ನು ಒತ್ತುತ್ತದೆ, ನಾಲಿಗೆ ತನ್ನ ತೂತಿನಲ್ಲಿ ಬಿಗಿಯುತ್ತದೆ. ಆಷಾಢದಲ್ಲಿ ಕೀಸುಳಿ ಹಿಡಿದರೆ ಬೇಸಗೆಯಲ್ಲಿ ಸಂದು ಬಿಡುತ್ತದೆ. ಮರ ಒಣಗುವವರೆಗೆ ಕಾಯಲೇಬೇಕು. ಕದ ಜೋತುಬಿದ್ದಿದ್ದರೆ ನಾಲಿಗೆಗೆ ದೀಪದ ಮಸಿ ಬಳಿದು, ಕದ ಹಾಕಿ, ಕೀಲಿ ತಿರುಗಿಸಬೇಕು. ಚೌಕಟ್ಟಿನ ತಗಡಿನಲ್ಲಿ ಮಸಿ ತಾಗಿದ ಕಡೆ ಅರದಿಂದ ತುಸುವೇ ಉಜ್ಜಿದರೆ ಸಾಕು. ಜೋತಿರುವುದು ಹೆಚ್ಚಾದರೆ ತಿರುಗಣೆಯನ್ನೇ ಸರಿಪಡಿಸಬೇಕು.

ದೋಷ ಬೀಗದಲ್ಲೇ ಇದ್ದರೆ ಅದನ್ನು ಬಿಚ್ಚಿ, ಲಿವರ್‌ಗಳ ಕ್ರಮ ಬರೆದಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಕ್ರಮ ತಪ್ಪಿದರೆ ಹಳೆಯ ಕೀಲಿ ಕೆಲಸಕ್ಕೆ ಬಾರದು. ತೆಂಗಿನೆಣ್ಣೆ ಹಾಕುವುದು ಸರಿಯಲ್ಲ. ಅದು ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಉತ್ತಮ. ಒಗರಿನ ಅಂಶವಿರುವ ಮರದಲ್ಲಿ ತೇವಕ್ಕೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತ ಕಪ್ಪಾಗಿಸುವುದರಿಂದ ಹಿತ್ತಾಳೆ ಸ್ಕ್ರೂಗಳೇ ಲೇಸು.

ಬದಲಾವಣೆ. ಈಗಿನ ಬೀಗಗಳನ್ನು ತೆಳು ಬಾಗಿಲಿಗೆಂದು ಮಾಡುವುದರಿಂದ ದಪ್ಪ ಕದಕ್ಕೆ ಅವುಗಳ ಕೀಲಿ ತೂರುವ ಸಿಲಿಂಡರ್ ಮೋಟಾಗಬಹುದು. ಕೊಳ್ಳುವ ಮೊದಲು ದಪ್ಪ ಅಳೆಯಬೇಕು. ಹಳೆಯ ಬೀಗದ ಗುಂಡಿಗೆ ಕದದ್ದೇ ಜಾತಿಯ ಮರದ ತುಂಡನ್ನು ಎಳೆಗೆ ಎಳೆ ಹೊಂದಿಸಿ ಕೂಡಿಸಬೇಕು. ತೆಗೆದ ಬೀಗವನ್ನು ಕೀಲಿಯೊಡನೆ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳಿ; ಅದರ ಸ್ಪ್ರಿಂಗು, ಲಿವರುಗಳು ಇನ್ನೊಂದು ಬಾಗಿಲಿಗೆ ಬೇಕಾಗುತ್ತವೆ.